ತಣ್ಣೊಲೆ ಮತ್ತು ಎಳೆಯ ನೀರು

ಇಪ್ಪತ್ತೊಂದು ವರ್ಷದಿಂದ ಹೈಸ್ಕೂಲು ಮಕ್ಕಳ ಕನ್ನಡ ಪತ್ರಿಕೆ ತಿದ್ದುತ್ತಿದ್ದೇನೆ. ಕೆಂಪು ಗೆರೆ ಎಳೆದು ಅಭ್ಯಾಸವಿದೆ, ಎಳೆಸಿಕೊಂಡು ಇಲ್ಲ. ಅದಕ್ಕೇ ಇರಬೇಕು, ಹೋದ ಬೇಸಿಗೆಯಲ್ಲಿ ನಾನು ಬರೆದ ಪತ್ರವೊಂದು ಒಂದು ಪದದ ಕೆಳಗೆ ಕೆಂಪು ಗೆರೆ, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹೊತ್ತುಕೊಂಡು ವಾಪಸು ಬಂದಾಗ ವಾರವಿಡೀ ಅದೇ ಗುಂಗು. ಪದ ‘ಯುನಾಕ್ವೊ’. ಭಾಷೆ ಎಸ್ಪೆರಾಂತೊ, ಒಬ್ಬರು ಕೂತು ಕಟ್ಟಿದ ಕೃತಕ ಭಾಷೆ. ಪದ ನಾನೇ ಮಾಡಿದ್ದು.

ಪತ್ರ ಹೋಗಿದ್ದು ಹಂಗೇರಿಯ ಒಬ್ಬ ಹಿರಿಯರಿಗೆ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಎಸ್ಪೆರಾಂತೊ ಕಲಿತು ನಲವತ್ತು ವರ್ಷವಾಯಿತಂತೆ. ಹೊಸಬರ ಪತ್ರ ಓದಿ ತಿದ್ದಿಕೊಡುವುದು ಅವರಿಗೊಂದು ಹವ್ಯಾಸ. ನಾನು ಬರೆದಿದ್ದು ಇಷ್ಟೆ: ಮಗನಿಗೆ ಹಾಸ್ಟೆಲ್ ನೋಡಲಿಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆವು, ಗೋಪಿ ಸರ್ಕಲ್ಲಿನಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ನೆತ್ತಿ ಸುಟ್ಟುಹೋಯಿತು, ರಸ್ತೆ ಪಕ್ಕ ನಿಂತು ಇಬ್ಬರೂ ಎಳನೀರು ಕುಡಿದೆವು. ಎಳನೀರಿಗೆ ಏನನ್ನುತ್ತಾರೋ ಗೊತ್ತಿರಲಿಲ್ಲ. ‘ಯುನಾ’ ಅಂದರೆ ಎಳೆಯ, ‘ಆಕ್ವೊ’ ಅಂದರೆ ನೀರು. ಎರಡನ್ನೂ ಸೇರಿಸಿದೆ, ಮಧ್ಯದ ಸ್ವರ ಲೋಪ ಮಾಡಿದೆ, ಯುನಾಕ್ವೊ ಆಯಿತು. ಲೋಪಸಂಧಿ ಬೇರೆ! ಹೊಸ ಸೀರೆ ಉಟ್ಟವಳ ಹಾಗೆ ಆ ಪದವನ್ನು ನಾಲ್ಕು ಸಲ ಓದಿಕೊಂಡು ಪತ್ರ ಕಳಿಸಿದೆ.

ಅವರ ಉತ್ತರ: “ಎಳೆಯ ನೀರು ಅಂದರೆ ಯಾವುದು? ಈಗಷ್ಟೇ ಕರಗಿದ ಹಿಮವೇ? ಬುಗ್ಗೆಯಿಂದ ಆಗತಾನೇ ಹೊರಬಂದದ್ದೇ? ಹಾಗಾದರೆ ಮುದಿ ನೀರು ಯಾವುದು?” ಕೊನೆಯದು ತಮಾಷೆಗೆ ಕೇಳಿದ್ದು. ನಾನು ವಿವರಿಸಿದ ಮೇಲೆ, ಅದಕ್ಕೆ ‘ಕೊಕೊಸಾಕ್ವೊ’ ಅನ್ನುತ್ತಾರೆ, ತೆಂಗು ಮತ್ತು ನೀರು, ಎಂದು ಬರೆದರು.

ನಾನು ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಎಳನೀರಿನಲ್ಲಿ ಎಳೆಯದಾಗಿರುವುದು ನೀರಲ್ಲ, ಕಾಯಿ. ಆದರೆ ಆ ಪದದಲ್ಲಿ ಕಾಯಿಯೇ ಇಲ್ಲ. ನಲವತ್ತೇಳು ವರ್ಷದಿಂದ ಕುಡಿಯುತ್ತಿದ್ದೇನೆ, ಮಕ್ಕಳಿಗೆ ‘ಎಳೆಯದು + ನೀರು, ಕರ್ಮಧಾರಯ’ ಎಂದು ಬರೆಸಿದ್ದೇನೆ, ಒಂದು ದಿನವೂ ಕಾಯಿ ಎಲ್ಲಿ ಹೋಯಿತು ಎಂದು ಕೇಳಿಕೊಂಡಿರಲಿಲ್ಲ. ಹಂಗೇರಿಯವರು ಕೇಳಬೇಕಾಯಿತು.

ಇಟ್ಟಿಗೆ ಸಿಕ್ಕಿದವರ ಹುಚ್ಚು

ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿ, ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಇಳಿಯುತ್ತಿದ್ದ ದಿನಗಳಲ್ಲಿ ಈ ಭಾಷೆ ನನಗೆ ಗಂಟುಬಿದ್ದಿದ್ದು. ಜಮೆನ್‌ಹೋಫ್ ಎಂಬ ಕಣ್ಣಿನ ಡಾಕ್ಟರು 1887ರಲ್ಲಿ ವಾರ್ಸಾದಲ್ಲಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ವ್ಯಾಕರಣ 16 ನಿಯಮ, ಮೂಲಪದಗಳು ಸುಮಾರು 900. ಅಷ್ಟರಿಂದಲೇ ಉಳಿದದ್ದನ್ನು ಕಟ್ಟಿಕೊಳ್ಳಬಹುದು ಅನ್ನುವುದು ಲೆಕ್ಕ. 11ನೇ ನಿಯಮ ಸಮಾಸದ್ದು: ಪದಗಳನ್ನು ಸುಮ್ಮನೆ ಪಕ್ಕಪಕ್ಕ ಇಟ್ಟರಾಯಿತು, ಮುಖ್ಯ ಪದ ಕೊನೆಯಲ್ಲಿ ಬರಬೇಕು. ಅಲ್ಲಿ ಕೊಟ್ಟ ಉದಾಹರಣೆ ‘ವಾಪೋರ್‌ಶೀಪೊ’, ಉಗಿಹಡಗು. ನಮಗಿದು ಹೇಳಿಕೊಡಬೇಕೇ? ಮಳೆಗಾಲ ಅಂದರೆ ಒಂದು ಕಾಲ, ಕಾಲಮಳೆ ಅಂದರೆ ಬೇರೆ. ಪದಗಳ ಹಿಂದುಮುಂದು ನಾನು ಒಮ್ಮೆಯೂ ತಪ್ಪಲಿಲ್ಲ. ಸುಲಭವಾಗಿ ಬಂದದ್ದೇ ನನ್ನ ಗ್ರಹಚಾರ.

ಆಸ್ಪತ್ರೆಗೆ ಅವರದ್ದೊಂದು ಪದವಿದೆ: ಮಲ್‌ಸಾನುಲೇಯೊ. ‘ಸಾನ್’ ಆರೋಗ್ಯ, ‘ಮಲ್’ ಹಚ್ಚಿದರೆ ಅದರ ವಿರುದ್ಧ, ‘ಉಲ್’ ಅಂಥ ಮನುಷ್ಯ, ‘ಏಯ್’ ಜಾಗ, ‘ಒ’ ನಾಮಪದದ ಗುರುತು. ಐದು ಡಬ್ಬಿಯ ರೈಲು. (‘ಹೋಸ್ಪಿತಾಲೊ’ ಎಂಬ ಸರಳ ಪದವೂ ಓಡುತ್ತದೆ. ಯಾವುದು ಒಳ್ಳೆಯದು ಎಂಬ ಜಗಳ ನಮ್ಮ ಆಸ್ಪತ್ರೆ, ಚಿಕಿತ್ಸಾಲಯದ ಜಗಳದಷ್ಟೇ ಹಳತು.) ಸಂಧಿ ಸಮಾಸ ಪಾಠ ಮಾಡಿ ಬದುಕುವವಳಿಗೆ ಇಂಥ ಭಾಷೆ ಸಿಕ್ಕರೆ ಏನಾಗಬೇಡ? ಒಂದು ನೋಟ್‌ಬುಕ್ಕು ತೆಗೆದೆ. ಮೊದಲ ತಿಂಗಳಲ್ಲೇ ಅದರಲ್ಲಿ ಅರವತ್ತು ಸ್ವಂತ ಪದ. ಆಗ ನನಗೆ ಗೊತ್ತಿದ್ದ ಮೂಲಪದ ಮುನ್ನೂರೂ ಇರಲಿಲ್ಲ. ಕನ್ನಡಕಕ್ಕೆ ‘ವಿದೀಲೊ’ ಎಂದು ಬರೆದಿದ್ದೆ, ನೋಡುವ ಸಾಧನ. ಆದರೆ ದುರ್ಬೀನೂ ನೋಡುವ ಸಾಧನವೇ, ಕಿಟಕಿಯೂ ಒಂಥರಾ ನೋಡುವ ಸಾಧನವೇ. ಕನ್ನಡಕಕ್ಕೆ ಮೊದಲೇ ‘ಓಕುಲ್‌ವೀತ್ರೊಯ್’ ಇತ್ತು, ಕಣ್ಣು-ಗಾಜು. ಇನ್ನೆರಡು ಪಾಠ ಓದಿದ್ದರೆ ಸಿಗುತ್ತಿತ್ತು. ಓದುವ ತಾಳ್ಮೆ ಯಾರಿಗಿದೆ, ಕೈಯಲ್ಲಿ ಇಟ್ಟಿಗೆ ಇರುವಾಗ?

‘ಮಲ್’ ಅಂತೂ ನನ್ನ ಕೈಯಲ್ಲಿ ಪಟ್ಟ ಪಾಡು ಕೇಳಬೇಡಿ. ಆಷಾಢದ ಒಂದು ಮಧ್ಯಾಹ್ನ ಮೂರು ದಿನ ಹಿಡಿದ ಜಡಿಮಳೆ ತಟಕ್ಕನೆ ನಿಂತು, ಅಂಗಳಕ್ಕೆ ಬೆಳಕು ಬಂತು. ನಮ್ಮ ಕಡೆ ಅದಕ್ಕೆ ಹೊಳವಾಯಿತು ಅನ್ನುತ್ತೇವೆ. ಹೊಳವಿನಲ್ಲೇ ಬಟ್ಟೆ ಹೊರಗೆ ಹಾಕಬೇಕು, ದನ ಬಿಡಬೇಕು, ತೋಟಕ್ಕೊಂದು ಸುತ್ತು ಹೋಗಿಬರಬೇಕು. ‘ಪ್ಲೂವೊ’ ಮಳೆ, ಹಾಗಾದರೆ ಹೊಳವು ‘ಮಲ್‌ಪ್ಲೂವೊ’ ಎಂದು ಬರೆದೆ. ಹಿರಿಯರಿಂದ ಪ್ರಶ್ನೆ: ಮಳೆಯ ವಿರುದ್ಧ ಯಾವುದು? ಬಿಸಿಲೋ? ಬರಗಾಲವೋ? ನೆಲದಿಂದ ಮೇಲಕ್ಕೆ ಹೋಗುವ ನೀರೋ? ಒಳ್ಳೆಯದಕ್ಕೆ ಕೆಟ್ಟದ್ದು, ಉದ್ದಕ್ಕೆ ಗಿಡ್ಡ, ಇವಕ್ಕೆ ಎರಡು ತುದಿಗಳಿವೆ. ಮಳೆಗೆ ಎರಡನೇ ತುದಿ ಇದೆಯೇ? ಆಗುಂಬೆಯ ಮಗ್ಗುಲಲ್ಲಿ ಬದುಕುವವರನ್ನು ಕೇಳಿದರೆ ಇಲ್ಲ ಅಂದಾರು. ಹೊಳವು ಮಳೆಯ ವಿರುದ್ಧವಲ್ಲವೇ ಅಲ್ಲ. ಎರಡು ಮಳೆಯ ನಡುವಿನ ಸಂದು. ಮಳೆ ಮತ್ತೆ ಬರುತ್ತದೆ ಎಂದು ಗೊತ್ತಿದ್ದವರು ಮಾತ್ರ ಅದನ್ನು ಹೊಳವು ಅಂದಾರು.

ಕೊಳೆರೋಗ ತಪ್ಪಾ ಟೀಚರ್?

ಯುನಾಕ್ವೊ ಅಷ್ಟು ಚುಚ್ಚಿದ್ದಕ್ಕೆ ಹಳೆಯ ಕಾರಣವೊಂದಿದೆ. ಏಳೆಂಟು ವರ್ಷದ ಹಿಂದೆ, ಆಶ್ಲೇಷ ಮಳೆ, ಒಂಬತ್ತನೇ ಕ್ಲಾಸು. ಹೆಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಅರಿಸಮಾಸದ ಪಾಠ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಬಾರದು, ಕೂಡಿಸಿದರೆ ಅದು ಶತ್ರು ಸಮಾಸ, 13ನೇ ಶತಮಾನದಲ್ಲೇ ಕೇಶಿರಾಜ ಹೇಳಿದ್ದಾನೆ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ಆ ಕೈ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಗುರ ಸಂದಿಯಲ್ಲಿ ನೀಲಿ. ಹಿಂದಿನ ದಿನ ಹೊಳವಾದಾಗ ಅಪ್ಪನ ಜತೆ ತೋಟದಲ್ಲಿ ನಿಂತು ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದು ಕಲಸಿಕೊಟ್ಟಿದ್ದ. ಮೈಲುತುತ್ತದ ಬಣ್ಣ ಸೋಪಿಗೆ ಅಷ್ಟು ಬೇಗ ಜಗ್ಗುವುದಿಲ್ಲ.

“ಟೀಚರ್, ಕೊಳೆ ಕನ್ನಡ, ರೋಗ ಸಂಸ್ಕೃತ. ಹಂಗಾದ್ರೆ ಕೊಳೆರೋಗ ತಪ್ಪಾ?”

“ಅದು ರೂಢಿಗೆ ಬಂದಿದೆ ಕಣೋ. ರೂಢಿಗೆ ಬಂದದ್ದು ಸರಿ.”

“ರೂಢಿಗೆ ಬರೋಕ್ ಮುಂಚೆ ತಪ್ಪಾಗಿತ್ತಾ?”

ಕ್ಲಾಸು ನಕ್ಕಿತು. ನಾನು “ಕೂತ್ಕೋ” ಅಂದೆ. ಇಪ್ಪತ್ತೊಂದು ವರ್ಷದ ಮೇಷ್ಟ್ರಿಕೆಯಲ್ಲಿ ನಾನು ಆಡಿದ ಅತಿ ಕಳಪೆ ಮಾತು ಅದೇ ಇರಬೇಕು. ಪಾಠದ ಮಾತು ಹಾಗಿರಲಿ, ಎದುರಿಗೆ ಸುರಿಯುತ್ತಿದ್ದ ಮಳೆಗಾಲದ ‘ಕಾಲ’ ಎಲ್ಲಿಯದು ಎಂದು ಅವನು ಕೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ತಿಳಿದದ್ದು: ಆ ಶತ್ರು ಸಮಾಸ ನಮ್ಮ ತೋಟದ ಬೇಲಿ ದಾಟಿ ಬಹಳ ದೂರ ಹೋಗಿದೆ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ಈ ಕಾಯಿಲೆಯ ಬಗ್ಗೆ ವರದಿ ಬರೆದಾಗ ಹೆಸರನ್ನು ಇಂಗ್ಲಿಷಿಗೆ ಅನುವಾದ ಮಾಡಿ ಕೈಬಿಡಲಿಲ್ಲ, ಕೊಳೆರೋಗ ಎಂದೇ ಉಳಿಸಿಕೊಂಡರು. ಅದಕ್ಕೂ ಮೊದಲೇ, 1876ರಲ್ಲಿ, ಕಾಫಿ ಗಿಡವನ್ನು ಕೊಳೆಸುವ ಶಿಲೀಂಧ್ರಕ್ಕೆ ಕೊಟ್ಟ ಲ್ಯಾಟಿನ್ ಹೆಸರಿನಲ್ಲೇ ಈ ಪದ ಸೇರಿಕೊಂಡಿತ್ತು. ರೋಮನ್ ಲಿಪಿಯಲ್ಲಿ ಳಕಾರ ಇಲ್ಲದೆ ಅದನ್ನು ಈಗ ‘ಕೊಲೆರೋಗ’ ಎಂದೂ ಓದಬಹುದು. ತೋಟವಿದ್ದವರ್ಯಾರೂ ಇದಕ್ಕೆ ತಕರಾರು ಮಾಡಲಿಕ್ಕಿಲ್ಲ.

ಆ ಹುಡುಗನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಮೊತ್ತಮೊದಲು ಯಾರೋ ಒಬ್ಬ ಕೊಳೆತ ಅಡಿಕೆಯನ್ನು ಕೈಯಲ್ಲಿ ಹಿಡಿದು ಕೊಳೆರೋಗ ಅಂದಿರಬೇಕಲ್ಲ? ಅವನ ಪದಕ್ಕೆ ಯಾರೂ ಗೆರೆ ಎಳೆಯಲಿಲ್ಲ. ನನ್ನದಕ್ಕೆ ಯಾಕೆ ಎಳೆದರು? ಎರಡೂ ಜೋಡಣೆಯೇ. ವ್ಯಾಕರಣದ ಕಣ್ಣಿಗೆ ನನ್ನದೇ ಹೆಚ್ಚು ಚೊಕ್ಕ.

ಮಂಗನದ್ದು ಏನು?

ನಮ್ಮ ಜಿಲ್ಲೆಯವರಿಗೆ ಮಂಗನಕಾಯಿಲೆ ಗೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನಕ್ಕೂ ಜ್ವರ ಬಂತು, ಪ್ರಪಂಚದ ವೈದ್ಯಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರು ಸೇರಿತು. ನಮಗೆ ಮಾತ್ರ ಅದು ಮಂಗನಕಾಯಿಲೆಯೇ. ಇನ್ನೊಂದಿದೆ, ಮಂಗನಬಾವು. ಕೆನ್ನೆ ಊದಿ ಮಂಗನ ಮೂತಿಯಂತಾಗುವುದು. ಎರಡರಲ್ಲೂ ಮುಂದೆ ಮಂಗ. ಆದರೆ ಮಂಗನಬಾವಿನಲ್ಲಿ ಮಂಗಕ್ಕೆ ಏನೂ ಆಗಿಲ್ಲ, ಹೋಲಿಕೆಗೆ ಬಂದಿದೆ ಅಷ್ಟೆ. ಮಂಗನಕಾಯಿಲೆಯಲ್ಲಿ ಮಂಗವೂ ರೋಗಿ. ಹರಡುವುದು ಉಣುಗು, ಆದರೆ ಉಣುಗಿನ ಹೆಸರೇ ಅಲ್ಲಿಲ್ಲ. ನಾಯಿಕೆಮ್ಮು ಅಂದರೆ ನಾಯಿ ಬೊಗಳಿದ ಹಾಗೆ ಕೆಮ್ಮುವುದು, ನಾಯಿಯಿಂದ ಬಂದದ್ದಲ್ಲ. ಇಲಿಜ್ವರ ಇಲಿಯಿಂದಲೇ ಬಂದದ್ದು, ಅದರ ಮೂತ್ರ ಸೇರಿದ ಗದ್ದೆ ನೀರಿನಲ್ಲಿ ಕಾಲಿಟ್ಟು. ಆನೆಕಾಲು ರೋಗದಲ್ಲಿ ಆನೆಯೂ ಇಲ್ಲ, ಆನೆಯ ಕಾಲೂ ಇಲ್ಲ. ಪ್ರಾಣಿ ಮುಂದೆ, ಕಾಯಿಲೆ ಹಿಂದೆ. ನಡುವಿನ ಸಂಬಂಧ ಒಂದೊಂದರಲ್ಲಿ ಒಂದೊಂದು. ಆ ಸಂಬಂಧ ಪದದೊಳಗೆ ಎಲ್ಲೂ ಬರೆದಿಲ್ಲ. ಮಲೆನಾಡಿನ ಮಗುವಿಗೆ ಯಾರಾದರೂ ಹೇಳಿದರೇ ಗೊತ್ತಾಗುವುದು. (ಸಾಲಗಾರ ಎಂಬುದನ್ನೇ ನೋಡಿ. ‘ಅವನು ದೊಡ್ಡ ಸಾಲಗಾರ’ ಅಂದರೆ ಸಾಲ ಮಾಡಿದವನು, ‘ಸಾಲಗಾರರು ಬಾಗಿಲಿಗೆ ಬಂದರು’ ಅಂದರೆ ಸಾಲ ಕೊಟ್ಟವರು. ಆದರೂ ಸೊಸೈಟಿಯಲ್ಲಿ ಇದರಿಂದ ಯಾರಿಗೂ ಗಲಿಬಿಲಿ ಆದದ್ದು ನಾನು ಕೇಳಿಲ್ಲ.)

ಈ ಸಂಬಂಧದ ತಲೆನೋವನ್ನು ಬೇರುಸಹಿತ ಕೀಳಹೊರಟ ಭಾಷೆಯೊಂದಿದೆ, ಲೋಜ್‌ಬಾನ್. ತರ್ಕದ ಮೇಲೆ ಕಟ್ಟಿದ್ದು. 1955ರಲ್ಲಿ ಶುರುವಾದ ಲೋಗ್ಲಾನ್ ಎಂಬುದರ ಕವಲು, 1987ರಲ್ಲಿ ಬೇರೆಯಾಯಿತು. ಅಲ್ಲಿನ ಪ್ರತಿ ಮೂಲಪದಕ್ಕೂ ಗೊತ್ತಾದ ಖಾಲಿ ಜಾಗಗಳಿರುತ್ತವೆ, ನಮ್ಮ ಅರ್ಜಿ ಫಾರಂ ಇದ್ದ ಹಾಗೆ. ‘ಬಿಲ್ಮಾ’ ಎಂಬ ಕಾಯಿಲೆಯ ಪದಕ್ಕೆ ಮೂರು: ಯಾರಿಗೆ ಹುಷಾರಿಲ್ಲ, ಲಕ್ಷಣವೇನು, ಯಾವ ರೋಗದಿಂದ. ಮಂಗಕ್ಕೆ ‘ಸ್ಮಾನಿ’. ಇವೆರಡನ್ನೂ ಸಡಿಲವಾಗಿ ಪಕ್ಕಪಕ್ಕ ಇಟ್ಟರೆ ತಕರಾರಿಲ್ಲ, ಮಂಗಕ್ಕೆ ಏನೋ ಸಂಬಂಧವಿರುವ ಕಾಯಿಲೆ ಎಂದಷ್ಟೇ ಅರ್ಥ. ಆದರೆ ಅಂಟು ಹಾಕಿ ಒಂದೇ ಪದ ಮಾಡಿದಿರೋ, ಮಂಗ ಯಾವ ಜಾಗದಲ್ಲಿ ಕೂರುತ್ತದೆ, ಅದು ರೋಗಿಯೋ ಕಾರಣವೋ ಹೋಲಿಕೆಯೋ, ಹೊಸ ಪದಕ್ಕೆ ಎಷ್ಟು ಖಾಲಿ ಜಾಗ ಉಳಿಯಿತು, ಎಲ್ಲ ಇತ್ಯರ್ಥ ಮಾಡಬೇಕು. ಹೊಸಬರಿಗೆ ಅಲ್ಲಿ ಹೇಳುವ ಬುದ್ಧಿಮಾತು: ಸದ್ಯಕ್ಕೆ ಸಡಿಲವಾಗಿಯೇ ಇಡು, ಅಂಟಿಗೆ ಅವಸರ ಬೇಡ. ಆ ಭಾಷೆ ನನ್ನ ತಲೆಗೆ ಹತ್ತಲಿಲ್ಲ, ಎರಡು ವಾರಕ್ಕೆ ಬಿಟ್ಟೆ. ಆದರೆ ಅಲ್ಲಿಂದ ಒಂದು ಪದ ಕದ್ದು ತಂದಿದ್ದೇನೆ: ‘ಮಲ್‌ಗ್ಲಿಶೊ’. ಇಂಗ್ಲಿಷಿನ ಜಾಡಿನಲ್ಲೇ ಯೋಚಿಸಿ ಪದಗಳನ್ನು ಅಂಟಿಸುವವರಿಗೆ ಬೈಯುವ ಪದ, ‘ದರಿದ್ರ ಇಂಗ್ಲಿಷು’ ಅನ್ನುವಂತೆ. ಇಂಗ್ಲಿಷಿನ ನೆರಳು ಬೀಳದಂತೆ ನಾನು ಎಷ್ಟು ಎಚ್ಚರವಾಗಿದ್ದೆ ಗೊತ್ತೇ? ಬಿದ್ದದ್ದು ಕನ್ನಡದ ನೆರಳು. ಕನ್ನಡದ್ದಾದ್ದರಿಂದ ನನಗದು ನೆರಳೆಂದೇ ಕಾಣಲಿಲ್ಲ, ಸಹಜ ಅನ್ನಿಸಿತು. ಎಳೆಯ ನೀರು, ಇನ್ನೇನು ಮತ್ತೆ?

ತಣ್ಣೊಲೆ

ನಮ್ಮ ಅತ್ತೆಗೆ ಎಪ್ಪತ್ತೆಂಟು. ಬದುಕಿಡೀ ಕಟ್ಟಿಗೆ ಒಲೆಯ ಮುಂದೆ ಕೂತವರು. ಗ್ಯಾಸಿಗೂ ಪೂರ್ತಿ ಒಗ್ಗಿದವರಲ್ಲ. ಎರಡು ವರ್ಷದ ಹಿಂದೆ ನಾದಿನಿ ಒಂದು ಇಂಡಕ್ಷನ್ ಒಲೆ ತಂದುಕೊಟ್ಟಳು. ಮೊದಲ ದಿನ ಅದರ ಮೇಲೆ ನೀರಿಟ್ಟು, ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕಾದರು. ಹೊಗೆ ಇಲ್ಲ, ಕೆಂಡ ಇಲ್ಲ, ನೀಲಿ ಉರಿಯೂ ಇಲ್ಲ. ನೀರು ಗುಳುಗುಳು ಅಂದಾಗ ಅಂಚಿಗೆ ಬೆರಳು ತಾಗಿಸಿ ನೋಡಿದರು.

“ಎಂತ ಮಾರಾಯ್ತಿ ಇದು! ನೀರು ಕುದೀತದೆ, ಒಲೆ ತಣ್ಣಗಿದೆ!”

ಅದೇ ಬೀಜ. ಮರುದಿನ ಬೆಳಿಗ್ಗೆ “ಆ ಬೆಂಕಿ ಇಲ್ಲದ ತಣ್ಣಗಿನ ಒಲೆ ಮೇಲೆ ಹಾಲಿಡು” ಅಂದರು. ನಾಲ್ಕು ದಿನಕ್ಕೆ ಬೆಂಕಿ ಬಿಟ್ಟುಹೋಯಿತು, ‘ತಣ್ಣನೆ ಒಲೆ’ ಆಯಿತು. ತಿಂಗಳಾಗುವುದರೊಳಗೆ ‘ತಣ್ಣೊಲೆ’. ಯಾವ ದಿನ ಆಯಿತು, ಯಾರು ಮೊದಲು ಅಂದದ್ದು, ಮನೆಯಲ್ಲಿ ಯಾರಿಗೂ ನೆನಪಿಲ್ಲ. ತಣ್ಣೀರಿನ ತಣ್, ತಂಬುಳಿಯ ತಣ್ ಅದೇ ಇಲ್ಲೂ ಬಂದು ಕೂತಿತು, ಣಕಾರ ಇಮ್ಮಡಿಯಾಗಿ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ತಣ್ ಎಂಬುದನ್ನು ಬಿಡಿಯಾಗಿ ಬರೆದು ತೋರಿಸಿದರೆ ಇದು ಎಂತದು ಎಂದು ಕೇಳಿಯಾರು.

ಹೋದ ಶ್ರಾವಣದಲ್ಲಿ ಅದು ಕೆಟ್ಟಿತು. ತೀರ್ಥಹಳ್ಳಿಯ ರಿಪೇರಿ ಅಂಗಡಿಗೆ ಮೊದಲು ವಿಚಾರಿಸಿ ಬರೋಣ ಎಂದು ಕೈಬೀಸಿಕೊಂಡು ಹೋದವಳು ಬಾಯಿತಪ್ಪಿ “ತಣ್ಣೊಲೆ ರಿಪೇರಿ ಮಾಡ್ತೀರಾ?” ಅಂದೆ. ಅಂಗಡಿಯವನು ಸ್ಕ್ರೂಡ್ರೈವರ್ ಹಿಡಿದ ಕೈ ನಿಲ್ಲಿಸಿ ಒಂದು ಕ್ಷಣ ಯೋಚಿಸಿದ. “ಫ್ರಿಜ್ಜಾ ಅಮ್ಮ? ಫ್ರಿಜ್ಜಿನ ಕೆಲಸ ನಾವು ತಗಳ್ಳಲ್ಲ.”

ಅವನ ಊಹೆಯಲ್ಲಿ ತಪ್ಪೇನಿದೆ? ತಣ್ಣಗೆ ಮಾಡುವ ಪೆಟ್ಟಿಗೆ ಎಂದುಕೊಂಡ. ಬುಗ್ಗೆಯ ನೀರು ಎಂದುಕೊಂಡ ಹಂಗೇರಿಯವರ ಹಾಗೆಯೇ. ಬಸ್ಸಿನಲ್ಲಿ ವಾಪಸು ಬರುವಾಗ, ಕಿಟಕಿಯ ಪರದೆ ತೂತಿನಿಂದ ತೊಡೆಯ ಮೇಲೆ ನೀರು ಸೋರುತ್ತಿದ್ದರೂ ಎದ್ದು ಜಾಗ ಬದಲಿಸದಷ್ಟು ಇದೇ ಯೋಚನೆ. ಪರೀಕ್ಷೆಯಲ್ಲಿ ನಾವು ‘ವಿಗ್ರಹವಾಕ್ಯ ಬರೆಯಿರಿ’ ಎಂದು ಕೇಳುತ್ತೇವೆ. ಮಕ್ಕಳು ಪದವನ್ನು ಕತ್ತರಿಸಿ ನಡುವೆ ಪ್ಲಸ್ ಹಾಕುತ್ತಾರೆ, ಒಂದು ಅಂಕ. ಸಮಾಸ ಮೊದಲು ಇತ್ತು, ಅದನ್ನು ಬಿಡಿಸಿದರೆ ವಾಕ್ಯ ಬಂತು ಎಂಬ ಹಾಗೆ. ನಡೆಯುವುದು ತಿರುಗಾ. ವಾಕ್ಯ ಮೊದಲು. ಬೆಂಕಿ ಇಲ್ಲದ, ಮುಟ್ಟಿದರೆ ತಣ್ಣಗಿರುವ, ಆದರೂ ನೀರು ಕಾಯಿಸುವ ಆ ಒಲೆ: ನಮ್ಮ ಮನೆಯಲ್ಲಿ ಆ ವಾಕ್ಯವನ್ನು ಐದು ಜನ ತಿಂಗಳುಗಟ್ಟಲೆ ಆಡಿ ಆಡಿ ಸವೆಸಿದ್ದರು. ಸವೆದು ಉಳಿದ ತುಂಡು ತಣ್ಣೊಲೆ. ಅಂಗಡಿಯವನಿಗೆ ತುಂಡು ಕೊಟ್ಟರೆ ಅವನು ತನ್ನ ಅಂಗಡಿಯ ಸಾಮಾನಿಗೆ ಹೊಂದುವ ವಾಕ್ಯ ಬೆಳೆಸಿಕೊಂಡ. ಎಳನೀರಿನದ್ದೂ ಇದೇ ಕತೆ. ಎಳೆಯ ಕಾಯಿಯ ನೀರು, ಎಳೆಗಾಯಿಯ ನೀರು ಅಂತ ಎಷ್ಟು ತಲೆಮಾರು ಹೇಳಿ ಹೇಳಿ ಕಾಯಿ ಉದುರಿತೋ. ಉದುರಿದ ಕಾಯಿ ನಮ್ಮ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಅದಕ್ಕೇ ಅದಿಲ್ಲ ಎಂಬುದೇ ಗೊತ್ತಾಗುವುದಿಲ್ಲ. ಹೊಸ ಭಾಷೆಗೆ ಕಾಲಿಟ್ಟವರು ತುಂಡನ್ನು ಹೊತ್ತುಕೊಂಡು ಹೋಗುತ್ತೇವೆ, ವಾಕ್ಯ ಮನೆಯಲ್ಲೇ ಬಿಟ್ಟಿರುತ್ತೇವೆ.

ಹಾಗಂತ ಹೊಸಬರು ಪದ ಕಟ್ಟಲೇಬಾರದು ಎಂದು ಕೂತರೆ ನಮ್ಮಲ್ಲಿ ‘ಸೀಮೆ’ಯ ಸಂಸಾರ ಹುಟ್ಟುತ್ತಿತ್ತೇ? ಹೊರಗಿನಿಂದ ಬಂದ ವಸ್ತುಗಳ ಎದುರಿಗೆ ನಮ್ಮ ಹಿರಿಯರೂ ಹೊಸಬರೇ. ಎಣ್ಣೆ ಬಂತು, ಸೀಮೆಎಣ್ಣೆ. ಸುಣ್ಣದ ಕಡ್ಡಿ ಬಂತು, ಸೀಮೆಸುಣ್ಣ. ಬದನೆ, ಹಸು, ಎಲ್ಲಕ್ಕೂ ಮುಂದೆ ಅದೇ ಸೀಮೆ. ಕಲ್ಪನೆ ಕಡಿಮೆ ಅನ್ನಿ, ಸೋಮಾರಿತನ ಅನ್ನಿ, ಕೆಲಸ ನಡೆಯಿತು. ನಮ್ಮ ತಾಳಗುಪ್ಪದ ಹಳಿಯ ಮೇಲೆ ಓಡುತ್ತಿದ್ದ ರೈಲ್‌ಬಸ್ಸನ್ನು ನೆನೆಸಿಕೊಳ್ಳಿ, ಅದು ರೈಲೋ ಬಸ್ಸೋ ಎಂದು ಹತ್ತುವ ಮುಂಚೆ ಯಾರಾದರೂ ವಿಗ್ರಹವಾಕ್ಯ ಕೇಳಿದರೇ? ಎಸ್ಪೆರಾಂತೊದಲ್ಲೂ ಕಂಪ್ಯೂಟರು ಬಂದಾಗ ನಾಲ್ಕಾರು ರೂಪ ಓಡಾಡಿ, ಕೊನೆಗೆ ಜನ ‘ಕೊಂಪುತೀಲೊ’ಕ್ಕೆ ಒಗ್ಗಿಕೊಂಡರು, ಲೆಕ್ಕ ಮಾಡುವ ಸಾಧನ. ಕಂಪ್ಯೂಟರಿನಲ್ಲಿ ಈಗ ಲೆಕ್ಕ ಮಾಡುವವರು ಎಷ್ಟು ಜನವೋ.

ಕೊನೆ ಕೊಯ್ಲು

ದೀಪಾವಳಿಗೆ ಮಗ ಬಂದ. ಅವನದ್ದು ಬೇರೆಯೇ ಭಾಷೆ, ತೋಕಿ ಪೋನ. ಕೆನಡಾದ ಸೋನ್ಯಾ ಲ್ಯಾಂಗ್ 2001ರಲ್ಲಿ ಹೊರತಂದದ್ದು. 2014ರ ಪುಸ್ತಕದ ಪ್ರಕಾರ ಇಡೀ ಭಾಷೆಗೆ 120 ಪದ. ನನ್ನ ಯುನಾಕ್ವೊ ಪುರಾಣ ಕೇಳಿ ನಕ್ಕ. “ಅಮ್ಮ, ನಮ್ದರಲ್ಲಿ ‘ತೇಲೊ ಕೀಲಿ’ ಅನ್ನಬಹುದು. ನೀರು, ಹಣ್ಣು.” ಅಲ್ಲಿ ಮುಖ್ಯ ಪದ ಮೊದಲು, ನಮ್ಮದಕ್ಕೆ ಉಲ್ಟಾ. ಒಳಗಿನಿಂದ ಅತ್ತೆ “ನೀರಿಗೆ ಎಂತಕ್ಕೆ ಕೀಲಿ?” ಅಂದರು.

“ಹಾಗಾದ್ರೆ ಎಳನೀರಿಗೆ ಪದ ಇದೆ ಅನ್ನು.”

“ಇಲ್ಲ. ಮಾವಿನ ರಸಕ್ಕೂ ಅದೇ ಅನ್ನಬಹುದು. ಹೊಸಬರೆಲ್ಲ ಇದಕ್ಕೇನು ಪದ, ಅದಕ್ಕೇನು ಪದ ಅಂತ ಪಟ್ಟಿ ಮಾಡ್ತಾರೆ. ಅದರ ಬಗ್ಗೆ ನೀನು ಏನು ಹೇಳಬೇಕು ಅಂತಿದೀಯ, ಅದು ಮೊದಲು ಗೊತ್ತಾಗ್ಬೇಕು. ಬಾಯಾರಿಕೆ ಆಗಿತ್ತಾ, ಹುಷಾರಿಲ್ಲದಕ್ಕೆ ಕುಡಿದ್ಯಾ, ಮರದಿಂದ ಬಿತ್ತಾ?”

ಮೂರೂ ಅಲ್ಲ, ನೀನು ಹಾಸ್ಟೆಲಿಗೆ ಹೋಗುತ್ತೀಯಲ್ಲ ಎಂದು ಗಂಟಲು ಕಟ್ಟಿತ್ತು, ಅದಕ್ಕೆ ಕುಡಿದೆ. ಅವನಿಗೆ ಹೇಳಲಿಲ್ಲ. ಹಂಗೇರಿಯವರಿಗೂ ಬರೆದಿರಲಿಲ್ಲ, ಪದ ಕಟ್ಟುವ ಭರದಲ್ಲಿ ಮರೆತೇಹೋಗಿತ್ತು.

ಆ ವಾರವೇ ಕೊನೆಗಾರ ಬಂದ. ಮುಂದಿನ ಪತ್ರದಲ್ಲಿ ಅವನ ಬಗ್ಗೆಯೇ ಬರೆಯೋಣ, ಈ ಸಲ ಒಂದೂ ಪದ ಕಟ್ಟುವುದಿಲ್ಲ ಎಂದು ಪಣ ತೊಟ್ಟು ಕೂತೆ. ಒಬ್ಬ ಮನುಷ್ಯ ಅಡಿಕೆ ಮರ ಹತ್ತುತ್ತಾನೆ. ಕಾಲಿಗೆ ಬಳ್ಳಿಯ ಕುಣಿಕೆ ಸಿಕ್ಕಿಸಿಕೊಂಡಿದ್ದಾನೆ. ಮೇಲೆ ಹೋಗಿ ಅಡಿಕೆಯ ಗೊನೆ ಕೊಯ್ಯುತ್ತಾನೆ, ಗೊನೆ ಹಗ್ಗದ ಮೇಲೆ ಜಾರಿ ಬರುತ್ತದೆ, ಕೆಳಗೆ ಇನ್ನೊಬ್ಬ ಹಿಡಿಯುತ್ತಾನೆ. ಒಂದು ಮರ ಮುಗಿದ ಮೇಲೆ ಇಳಿಯುವುದಿಲ್ಲ. ದೋಟಿಯಲ್ಲಿ ಪಕ್ಕದ ಮರವನ್ನು ಎಳೆದುಕೊಂಡು, ತಾನು ಕೂತ ಮರವನ್ನು ಬಾಗಿಸಿ, ಅದಕ್ಕೆ ದಾಟುತ್ತಾನೆ. ನೋಡುವವರ ಹೊಟ್ಟೆಯಲ್ಲಿ ತಳಮಳ. ಹೀಗೆ ಎರಡು ಪುಟ. ನೋಟ್‌ಬುಕ್ಕಿನ ಒಂದು ಪದವೂ ಬೇಕಾಗಲಿಲ್ಲ. ಕೊನೆಯಲ್ಲಿ, ನಮ್ಮಲ್ಲಿ ಇವನಿಗೆ ಕೊನೆಗಾರ ಅನ್ನುತ್ತೇವೆ ಎಂದು ಕನ್ನಡದ ಪದವನ್ನೇ ರೋಮನ್ ಅಕ್ಷರದಲ್ಲಿ ಬರೆದು, ಎಸ್ಪೆರಾಂತೊದ ನಾಮಪದ ಅಲ್ಲವೇ ಎಂದು ಬಾಲಕ್ಕೊಂದು ‘ಒ’ ಹಚ್ಚಿದೆ. ಕೊನೆಗಾರೊ. ಅಷ್ಟು ಮಾತ್ರ ಕೈ ತಡೆಯಲಿಲ್ಲ.

ಈ ಸಲ ಎರಡು ಪುಟದಲ್ಲಿ ಒಂದೇ ಗೆರೆ, ಆ ಕೊನೆಗಾರೊದ ಕೆಳಗೆ. ಆಮೇಲೆ ಅವರ ಪ್ರಶ್ನೆಗಳು ಒಂದು ಪುಟ: ಮರ ಮುರಿಯುವುದಿಲ್ಲವೇ? ಮಳೆಯಲ್ಲೂ ಹತ್ತುತ್ತಾನೆಯೇ? ಕೂಲಿ ಎಷ್ಟು? ಪದದ ಬಗ್ಗೆ ಕೊನೆಗೆ ಬರೆದಿದ್ದರು. ‘ಕೋನ್’ ಅಂದರೆ ಬಲ್ಲ, ‘ಎಗ್’ ಅಂದರೆ ದೊಡ್ಡ ಪ್ರಮಾಣದಲ್ಲಿ, ‘ಆರ್’ ಅಂದರೆ ಗುಂಪು. ಎಸ್ಪೆರಾಂತೊ ಓದುವವರ ಕಣ್ಣಿಗೆ ನಿಮ್ಮ ಕೊನೆಗಾರೊ ಹೀಗೆ ಬಿಡಿಸಿಕೊಳ್ಳುತ್ತಾನೆ: ಬಹಳ ಚೆನ್ನಾಗಿ ಬಲ್ಲ ಸಂಗತಿಗಳ ಒಂದು ದೊಡ್ಡ ಕೂಟ. ಮರ ಹತ್ತುವವನು ಅಷ್ಟು ದೊಡ್ಡ ವಿದ್ವಾಂಸನೇ?

ಮರುದಿನ ಕೊನೆಗಾರ ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದಾಗ ಇದನ್ನು ಹೇಳಿದೆ. ಅವನು ನಗಲಿಲ್ಲ. ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ, “ಸಮ ಅದೆಯಲ್ಲ ಅಮ್ಮ” ಅಂದ. “ಮೇಲಿಂದ ನೋಡಿದ್ರೆ ಯಾರ್ ಯಾರ ತೋಟದಲ್ಲಿ ಎಷ್ಟೆಷ್ಟು ಕೊಳೆ ಬಂದದೆ ಅಂತ ಎಲ್ಲ ಕಾಣ್ತದೆ. ನಿಮ್ಮದು ಕೆಳಗಿನ ಸಾಲು ಒಂದ್ಸಲ ನೋಡ್ಕಳಿ. ಮತ್ತೆ ಹಗ್ಗ ಹಳೇದಾಗದೆ, ನಾಳೆಗೆ ಹೊಸದು ತರ್ಸಿಡಿ.”